ಪಂಜೆಯವರ ಊರಿನಲ್ಲಿ ಪಾಶ್ಚಾತ್ಯ ಗಾಯಕಿಯರ ಹಾಡು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಮಕ್ಕಳು ಮನೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಮುಂತಾದ ಮಾತುಗಳನ್ನು ಕೇಳುತ್ತ ಬೆಳೆಯುತ್ತಾರೆ. ಇಂಗ್ಲಿಷ್ ಅವರ ಕಿವಿಗೆ ಬೀಳುವುದು ಬಹುಮಟ್ಟಿಗೆ ಹಾಡಾಗಿ: ಎಲ್‌ಕೆಜಿಯ ರೈಮ್ಸ್, ಮೊಬೈಲಿನ ಯೂಟ್ಯೂಬ್, ಶಾಲಾ ವಾರ್ಷಿಕೋತ್ಸವದ ಡ್ಯಾನ್ಸಿನ ಹಾಡು. ಈ ಮೂರರಲ್ಲೂ ಪಶ್ಚಿಮದ ಹೆಂಗಸರ ಪಾಲು ದೊಡ್ಡದು. ಅರ್ಥ ತಿಳಿಯದಿದ್ದರೂ ಆ ಹಾಡುಗಳು ಮಕ್ಕಳ ನಾಲಿಗೆಗೆ ಹತ್ತುತ್ತವೆ. ಅದಕ್ಕೆ ಕಾರಣ ಹಾಡಿನ ಕಟ್ಟುವಿಕೆಯಲ್ಲಿಯೇ ಇದೆ.

ಮೊದಲು ಶಿಶುಗೀತೆಗಳನ್ನು ನೋಡಬಹುದು. ‘ಟ್ವಿಂಕಲ್ ಟ್ವಿಂಕಲ್’ ಪದ್ಯವನ್ನು ಬರೆದವಳು ಇಂಗ್ಲೆಂಡಿನ ಜೇನ್ ಟೇಲರ್. ಅದು ಅಚ್ಚಾದದ್ದು 1806ರಲ್ಲಿ. ಅದಕ್ಕೆ ಹೊಂದಿಸಿಕೊಂಡ ಧಾಟಿ ಫ್ರಾನ್ಸಿನ ಹಳೆಯ ಮಟ್ಟು. ಕುರಿಮರಿಯ ಜೊತೆ ಶಾಲೆಗೆ ಹೋಗುವ ಮೇರಿಯ ಪದ್ಯವನ್ನು ಅಮೆರಿಕದ ಸಾರಾ ಜೋಸೆಫಾ ಹೇಲ್ 1830ರಲ್ಲಿ ಪ್ರಕಟಿಸಿದಳು. ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವಾಗ ಎಲ್ಲರೂ ಹಾಡುವ ಧಾಟಿ ಅಮೆರಿಕದ ಕೆಂಟಕಿ ರಾಜ್ಯದ ಪ್ಯಾಟಿ ಹಿಲ್ ಮತ್ತು ಮಿಲ್ಡ್ರೆಡ್ ಹಿಲ್ ಎಂಬ ಅಕ್ಕತಂಗಿಯರದು. ಪ್ಯಾಟಿ ಶಿಶುವಿಹಾರದ ಶಿಕ್ಷಕಿ, ಮಿಲ್ಡ್ರೆಡ್ ಸಂಗೀತ ತಿಳಿದವಳು. ಬೆಳಗ್ಗೆ ತರಗತಿಯಲ್ಲಿ ಶುಭ ಕೋರಲೆಂದು ಅವರು ಕಟ್ಟಿದ ಹಾಡು 1893ರಲ್ಲಿ ಪ್ರಕಟವಾಯಿತು. ಹುಟ್ಟುಹಬ್ಬದ ಮಾತು ಅದಕ್ಕೆ ಸೇರಿದ್ದು ಆಮೇಲೆ.

ಬೆಳ್ಳಿತೆರೆಯ ಮತ್ತು ಪಾಪ್ ಸಂಗೀತದ ಗಾಯಕಿಯರು ಬಂದದ್ದು ಇದರ ನಂತರ. ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದಲ್ಲಿ (1965) ಜೂಲಿ ಆ್ಯಂಡ್ರೂಸ್ ಮಕ್ಕಳಿಗೆ ಸಪ್ತಸ್ವರ ಕಲಿಸುವ ‘ಡೊ ರೆ ಮಿ’ ಹಾಡು ಇಂದಿಗೂ ಹಳತಾಗಿಲ್ಲ. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್‌ಗಾಗಿ ಕೊಲಂಬಿಯಾದ ಶಕೀರಾ ‘ವಾಕಾ ವಾಕಾ’ ಹಾಡಿದಳು. ಅದರ ಪಲ್ಲವಿಯ ಮೂಲ ಕ್ಯಾಮರೂನಿನ ಒಂದು ತಂಡ 1986ರಲ್ಲಿ ಹಾಡಿದ ಗೀತೆ. 2013ರಲ್ಲಿ ಕೇಟಿ ಪೆರ್ರಿಯ ‘ರೋರ್’ ಬಂತು, ಅದೇ ವರ್ಷ ‘ಫ್ರೋಜನ್’ ಚಿತ್ರಕ್ಕಾಗಿ ಇಡೀನಾ ಮೆಂಜೆಲ್ ಹಾಡಿದ ‘ಲೆಟ್ ಇಟ್ ಗೋ’ ಬಂತು. ಎರಡನೆಯದಕ್ಕೆ ಮರುವರ್ಷ ಆಸ್ಕರ್ ಸಿಕ್ಕಿತು. 2014ರಲ್ಲಿ ಟೇಲರ್ ಸ್ವಿಫ್ಟ್‌ಳ ‘ಶೇಕ್ ಇಟ್ ಆಫ್’ ಹೊರಬಂತು.

ಇವು ಮಕ್ಕಳಿಗೆ ಹಿಡಿಸಲು ಮೊದಲ ಕಾರಣ ದನಿ. ಮಾತಾಡುವಾಗ ಗಂಡಸರ ದನಿಯ ಕಂಪನ ಸೆಕೆಂಡಿಗೆ ಸುಮಾರು 85ರಿಂದ 155, ಹೆಂಗಸರದು 165ರಿಂದ 255. ಚಿಕ್ಕ ಮಕ್ಕಳದು 250ರಿಂದ 300ರ ಆಸುಪಾಸು. ಮಗುವಿನ ದನಿಗೆ ಹೆಂಗಸರ ದನಿಯೇ ಹತ್ತಿರ. ಗಂಡಸಿನ ಕೆಳಸ್ಥಾಯಿಯ ಹಾಡನ್ನು ಮಗು ತನ್ನ ಸ್ಥಾಯಿಗೆ ಏರಿಸಿಕೊಂಡು ಹಾಡಬೇಕು. ತಾಯಿಯೋ ಟೀಚರೋ ಹಾಡಿದರೆ ಕೇಳಿದ ಶ್ರುತಿಯನ್ನೇ ಹಿಡಿಯಬಹುದು. ಜೋಗುಳದಿಂದಲೇ ಕಿವಿ ಆ ದನಿಗೆ ಒಗ್ಗಿರುತ್ತದೆ.

ಎರಡನೆಯ ಕಾರಣ ಧಾಟಿಯ ಹರವು. ಐದಾರು ವರ್ಷದ ಮಗು ಆಯಾಸವಿಲ್ಲದೆ ಹಾಡಬಲ್ಲದ್ದು ಹೆಚ್ಚೆಂದರೆ ಐದಾರು ಸ್ವರಗಳ ಒಳಗೆ. ‘ಟ್ವಿಂಕಲ್’ ಧಾಟಿಯನ್ನು ಶಂಕರಾಭರಣದ ಸ್ವರಗಳಲ್ಲಿ ಬರೆದರೆ ಇದು ಸ್ಪಷ್ಟವಾಗುತ್ತದೆ: ಸಸ ಪಪ ದದ ಪ, ಮಮ ಗಗ ರಿರಿ ಸ. ಷಡ್ಜದಿಂದ ಧೈವತದವರೆಗೆ ಆರೇ ಸ್ವರ, ಸಾಲಿನ ಕೊನೆಯದನ್ನು ಬಿಟ್ಟರೆ ಪ್ರತಿಯೊಂದೂ ಎರಡೆರಡು ಬಾರಿ. ಸರಳೆ ವರಸೆ ಕಲಿಯುತ್ತಿರುವ ಮಗು ಇದನ್ನು ಹಾರ್ಮೋನಿಯಂನಲ್ಲಿ ತಾನೇ ಹುಡುಕಿಕೊಳ್ಳಬಹುದು. ಪಶ್ಚಿಮದ ಧಾಟಿಗಳನ್ನು ಹೀಗೆ ಒಳಗೆ ಕರೆದುಕೊಳ್ಳುವುದು ಕರ್ನಾಟಕ ಸಂಗೀತಕ್ಕೆ ಹೊಸತಲ್ಲ. ಮುತ್ತುಸ್ವಾಮಿ ದೀಕ್ಷಿತರು (1775–1835) ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿ ನೊಟ್ಟುಸ್ವರಗಳನ್ನು ರಚಿಸಿದರು. ಅವು ಇಂದಿಗೂ ಎಳೆಯರಿಗೆ ಪಾಠವಾಗಿವೆ.

‘ಲೆಟ್ ಇಟ್ ಗೋ’ ಹೀಗಲ್ಲ. ಕೆಳದನಿಯಲ್ಲಿ ಶುರುವಾಗುವ ಅದು ಹೆಚ್ಚುಕಡಿಮೆ ಎರಡು ಸ್ಥಾಯಿಯಷ್ಟು ಮೇಲೇರುತ್ತದೆ. ಮಗು ಪಲ್ಲವಿಗೆ ಬರುವಷ್ಟರಲ್ಲಿ ಹಾಡುವುದನ್ನು ಬಿಟ್ಟು ಕೂಗತೊಡಗುತ್ತದೆ. ಆದರೂ ಅದಕ್ಕೆ ಆ ಹಾಡೇ ಬೇಕು, ಏಕೆಂದರೆ ಅಲ್ಲಿ ಕಥೆಯಿದೆ: ಹೆದರಿ ಅಡಗಿಕೊಂಡಿದ್ದ ರಾಣಿ ತನ್ನ ಶಕ್ತಿಯನ್ನು ಕಂಡುಕೊಳ್ಳುವ ಗಳಿಗೆ. ‘ರೋರ್’ನಲ್ಲಿ ಹುಲಿಯಂತೆ ಗರ್ಜಿಸಲು ಅವಕಾಶವಿದೆ, ‘ಶೇಕ್ ಇಟ್ ಆಫ್’ನಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ, ಮೈ ಕುಣಿಸುವ ವೇಗವಿದೆ. ಮತ್ತೆ ಮತ್ತೆ ಬರುವ ಸೊಲ್ಲು, ಅಭಿನಯ, ಕಥೆ ಈ ಮೂರು ಸೇರಿದರೆ ಭಾಷೆ ತೊಡಕಾಗುವುದಿಲ್ಲ.

ಈ ಗುಟ್ಟನ್ನು ನೂರು ವರ್ಷದ ಹಿಂದೆಯೇ ಅರಿತವರು ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದ ಅವರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಂಗ್ಲಿಷ್ ಶಿಶುಸಾಹಿತ್ಯದ ಲಯವನ್ನು ಚೆನ್ನಾಗಿ ಬಲ್ಲ ಅವರು ಅದನ್ನು ಈ ನೆಲದ ಹಾವು, ಗಾಳಿ, ಮಳೆಗಳಿಗೆ ಹೊಂದಿಸಿದರು. ‘ಹಾವಿನ ಹಾಡು’ ಪದ್ಯದಲ್ಲಿ ಮಗು ನಾಗರಹಾವನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸುತ್ತದೆ. ಸಾಲುಗಳು ಗಿಡ್ಡ, ಪ್ರಾಸ ಬಿಗಿ. ಅಂಗೈಯನ್ನು ಹೆಡೆಯಾಗಿಸಿ ಮುಂಗೈ ಬಳುಕಿಸಿದರೆ ಅಭಿನಯಗೀತೆ ಸಿದ್ಧ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ಸದ್ದೇ ಪದ್ಯದ ನಡೆಯಾಗಿದೆ.

ಅಕ್ಷರ ಬಾರದ ಹೆಂಗಸರಿಗೂ ಈ ಕಲೆ ಗೊತ್ತಿತ್ತು. ನೇಜಿ (ಭತ್ತದ ಸಸಿ) ನೆಡುವ ಗದ್ದೆಯಲ್ಲಿ ತುಳುವ ಹೆಂಗಸರು ಓಬೇಲೆ, ಪಾಡ್ದನ ಎಂಬ ಜನಪದ ಹಾಡುಗಳನ್ನು ಹಾಡುವಾಗ ಒಬ್ಬಾಕೆ ಹೇಳಿಕೊಡುತ್ತಾಳೆ, ಉಳಿದವರು ಸೊಲ್ಲೆತ್ತುತ್ತಾರೆ. ಬದುವಿನ ಮೇಲೆ ಕುಳಿತ ಮಗುವಿಗೂ ಆ ಸೊಲ್ಲು ಬಾಯಿಗೆ ಬರುತ್ತಿತ್ತು. ಗದ್ದೆಗಳು ಅಡಿಕೆ ತೋಟಗಳಾದಂತೆ, ನೇಜಿಗೆ ಯಂತ್ರ ಇಳಿದಂತೆ ಆ ಹಾಡುಗಳನ್ನು ಕೇಳುವ ಅವಕಾಶ ಕಡಿಮೆಯಾಗಿದೆ. ಅಲ್ಲಿ ಮಗು ಹಾಡುವವರ ನಡುವೆ ಇತ್ತು. ಮೊಬೈಲಿನ ಮುಂದೆ ಅದು ಒಂಟಿಯಾಗಿ ಕೇಳುತ್ತದೆ. ಚಿಂತಿಸಬೇಕಾದದ್ದು ಇದರ ಬಗ್ಗೆ. ಹಾಡು ಹೊರಗಿನಿಂದ ಬಂತೆಂಬುದರಿಂದ ಹಾನಿಯಿಲ್ಲ, ಹಾಡುವ ಬಾಯಿ ಬರಿಯ ಕಿವಿಯಾಗುವುದರಿಂದ ನಷ್ಟವಿದೆ.

ಆಯ್ಕೆಯಲ್ಲಿ ಎಚ್ಚರವೂ ಬೇಕು. ಪಾಪ್ ಗಾಯಕಿಯರ ಎಲ್ಲ ಹಾಡುಗಳೂ ಮಕ್ಕಳಿಗಾಗಿ ಬರೆದವಲ್ಲ. ಹಲವು ಹಾಡುಗಳ ವಸ್ತು ದೊಡ್ಡವರ ಪ್ರೀತಿ, ವಿರಹ. ಅಮೆರಿಕದಲ್ಲಿ 2001ರಲ್ಲಿ ಶುರುವಾದ ‘ಕಿಡ್ಜ್ ಬಾಪ್’ ಜನಪ್ರಿಯ ಹಾಡುಗಳ ಮಾತನ್ನು ತಿದ್ದಿ ಮಕ್ಕಳ ದನಿಯಲ್ಲೇ ಹಾಡಿಸುವುದು ಇದೇ ಕಾರಣಕ್ಕೆ. ವಾರ್ಷಿಕೋತ್ಸವಕ್ಕೆ ಹಾಡು ಆರಿಸುವ ಮುನ್ನ ಶಿಕ್ಷಕರು ಅದರ ಸಾಹಿತ್ಯವನ್ನು ಒಮ್ಮೆ ಓದಿ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಸಣ್ಣ ಮಕ್ಕಳಿಂದ ಹಾಡಿಸುವುದಾದರೆ ಆರು ಸ್ವರ ಮೀರದ ಧಾಟಿ ಇರಲಿ. ಎತ್ತರದ ಹಾಡುಗಳು ಕುಣಿತಕ್ಕೆ ಸಾಕು. ಸರಕಾರಿ ಶಾಲೆಗಳ ನಲಿ–ಕಲಿ ತರಗತಿಯಲ್ಲಿ ಹಾಡು, ಅಭಿನಯ ಪಾಠದ ಭಾಗವೇ ಆಗಿವೆ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿಯಲ್ಲಿ ಅಭಿನಯಗೀತೆಗೆ, ಇಂಗ್ಲಿಷ್ ಕಂಠಪಾಠಕ್ಕೆ ಎರಡಕ್ಕೂ ಸ್ಪರ್ಧೆಯಿದೆ. ಜೇನ್ ಟೇಲರಳ ಪದ್ಯ, ಪಂಜೆಯವರ ಹಾವು, ಅಜ್ಜಿಯ ತುಳು ಜೋಗುಳ ಒಂದೇ ವಾರದಲ್ಲಿ ಮಗುವಿನ ಬಾಯಲ್ಲಿ ಬಂದರೆ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಹಿರಿಯರು ಜೊತೆಗೆ ಕುಳಿತು ದನಿಗೂಡಿಸಬೇಕು, ಅಷ್ಟೆ.