ಹಳ್ಳ ಬಿಟ್ಟು ಬರೆದ ನಕ್ಷೆ

ಪುಣೆಯಲ್ಲಿ ಕೂಡುವ ಮುಳಾ, ಮುಠಾ ನದಿಗಳು ಮುಂದೆ ಹೋಗಿ ಭೀಮೆ ಸೇರುತ್ತವೆ. ಅದೇ ಭೀಮೆ ಉಜನಿ ಜಲಾಶಯ ದಾಟಿ ಅಫಜಲಪುರ, ಗಾಣಗಾಪುರದ ಕಡೆ ಬರುತ್ತದೆ. ಪುಣೆ ತನ್ನ ಗುಡ್ಡ ಹಳ್ಳಗಳನ್ನು ಹೇಗೆ ಇಟ್ಟುಕೊಂಡಿದೆ ಎಂಬುದು ಕಲಬುರಗಿ ಜಿಲ್ಲೆಯವರಿಗೂ ಸಂಬಂಧಪಟ್ಟ ವಿಷಯವೇ.

2025ರ ಜೂನ್‌ನ ಒಂದು ಮಳೆಗೆ ಪುಣೆ ಪಕ್ಕದ ಹಿಂಜವಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್‌ನ ರಸ್ತೆಗಳು ಹೊಳೆಯಾದವು. ನೀರಲ್ಲಿ ಸಿಕ್ಕಿಕೊಂಡ ಬಸ್ಸಿನ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹಾರಿತು. ಜನ ಅದನ್ನು ‘ವಾಟರ್ ಪಾರ್ಕ್’ ಎಂದು ಆಡಿಕೊಂಡರು. ಮೋಡವೇನೂ ಹೊಸದಲ್ಲ. ಮಾಣ್, ಮಾರುಂಜಿ ಕಡೆಯ ಇಳಿಜಾರಿನಿಂದ ಮುಳಾ ನದಿಗೆ ಇಳಿಯುತ್ತಿದ್ದ ಓಢೆಗಳನ್ನು (ನಮ್ಮ ಹಳ್ಳಗಳನ್ನೇ ಅಲ್ಲಿ ಹಾಗೆನ್ನುತ್ತಾರೆ) ಎಲ್ಲೋ ಮುಚ್ಚಿ, ಎಲ್ಲೋ ಕಿರಿದು ಮಾಡಿ, ಎಲ್ಲೋ ಪೈಪಿಗೆ ತುರುಕಿದ್ದಾರೆ. ಐಟಿ ಪಾರ್ಕ್ ಕೈಗಾರಿಕಾ ನಿಗಮ ಎಂಐಡಿಸಿಯದು, ಸುತ್ತಲಿನ ಊರುಗಳು ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಪಿಎಂಆರ್‌ಡಿಎ ವ್ಯಾಪ್ತಿಯವು, ಪಕ್ಕದಲ್ಲೇ ಪಿಂಪ್ರಿ-ಚಿಂಚವಡ ಪಾಲಿಕೆ. ಹಳ್ಳ ಹರಿಯುವುದು ಇಷ್ಟೂ ಗಡಿಗಳನ್ನು ದಾಟಿ. ಹೊಣೆ ಮಾತ್ರ ಪ್ರತಿ ಗಡಿಯಲ್ಲೂ ಕೈ ಬದಲಾಯಿಸುತ್ತದೆ.

ಕೈಗಾರಿಕಾ ಪ್ರದೇಶ ಗುರುತಿಸುವಾಗ ನಮ್ಮಲ್ಲಿ ಮೊದಲು ನೋಡುವುದು ಹೆದ್ದಾರಿ, ವಿದ್ಯುತ್ತು, ಜಮೀನಿನ ದರ. ನೀರು ಬರುವುದು ಆಮೇಲೆ, ಅದೂ ದಿನಕ್ಕೆ ಎಷ್ಟು ದಶಲಕ್ಷ ಲೀಟರ್ ಬೇಕು ಎಂಬ ಅಂಕಿಯಾಗಿ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ದಖ್ಖನ್ನಿನ ಕರಿಕಲ್ಲು ನೀರನ್ನು ಹಿಡಿದಿಡುವುದು ಸೀಳು, ಬಿರುಕುಗಳಲ್ಲಿ; ಅದು ಎಲ್ಲೆಂದರಲ್ಲಿ ಇಂಗುವುದಿಲ್ಲ. ಪುಣೆಯವರು ಟೇಕಡಿ ಎನ್ನುವ ಗುಡ್ಡಗಳ ಮೈಯಲ್ಲಿ ಇಂಗಿದ್ದು ಕೆಳಗಿನ ಬಾವಿ, ಒರತೆಗಳಲ್ಲಿ ಕಾಣುತ್ತದೆ. ಎಲ್ಲಿ ಇಂಗುತ್ತದೆ, ಎಲ್ಲಿ ಹರಿಯುತ್ತದೆ ಎಂದು ಮೊದಲು ಗೆರೆ ಎಳೆದು, ಉಳಿದ ಜಾಗದಲ್ಲಿ ಕಾರ್ಖಾನೆ, ಕಚೇರಿ ಕೂರಿಸಬೇಕಿತ್ತು.

ಹಾಗೆ ಮಾಡಲು ಪುಣೆಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1997ರಲ್ಲಿ ಪುಣೆ ಪಾಲಿಕೆಗೆ ಸೇರಿದ 23 ಹಳ್ಳಿಗಳ ಯೋಜನೆಯಲ್ಲಿ ಗುಡ್ಡಗಳನ್ನೆಲ್ಲ ಜೀವವೈವಿಧ್ಯ ಉದ್ಯಾನವೆಂದು ಕಾಯ್ದಿಡುವ ಪ್ರಸ್ತಾವ ಬಂತು. ಸಾವಿರ ಹೆಕ್ಟೇರಿಗೆ ಹತ್ತಿರದ ನೆಲ. ಮಾಜಿ ಮೇಯರ್ ವಂದನಾ ಚವಾಣ್ ಮತ್ತು ಊರಿನ ಹಲವರು ಅದಕ್ಕಾಗಿ ವರ್ಷಗಟ್ಟಲೆ ಬೆನ್ನುಬಿದ್ದರು. ರಾಜ್ಯ ಸರ್ಕಾರ ಒಪ್ಪಿದ್ದು 2015ರಲ್ಲಿ! ಜಮೀನು ಕಳೆದುಕೊಳ್ಳುವವರಿಗೆ ಪರಿಹಾರವೆಷ್ಟು ಎಂಬ ಜಗ್ಗಾಟದ ನಡುವೆ ಗುಡ್ಡದ ಬುಡದಲ್ಲಿ ಮನೆಗಳೆದ್ದವು.

ಲವಾಸಾದ್ದು ಇನ್ನೂ ವಿಚಿತ್ರ. ಪುಣೆಗೆ ಕುಡಿಯುವ ನೀರು ಕೊಡುವ ಜಲಾಶಯಗಳಲ್ಲಿ ಒಂದಾದ ವರಸಗಾಂವದ ಅಂಚಿನಲ್ಲೇ, ಮೋಸೆ ಕಣಿವೆಯಲ್ಲಿ, ಒಂದು ಖಾಸಗಿ ನಗರ. ಯೋಜನಾ ಪ್ರಾಧಿಕಾರದ ಅಧಿಕಾರವೂ ಅದನ್ನು ಕಟ್ಟುವ ಕಂಪನಿಗೇ ಸಿಕ್ಕಿತ್ತು. 2010ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಲು ಹೇಳಿತು, ಮರುವರ್ಷ ಷರತ್ತಿನೊಂದಿಗೆ ಬಿಟ್ಟಿತು. 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ಜಲಾನಯನವನ್ನು ಲೆಕ್ಕಕ್ಕಿಡದವರ ಹಣಕಾಸಿನ ಲೆಕ್ಕವೂ ಕೂಡಿಬರಲಿಲ್ಲ.

ನೀರಿನ ಪೆಟ್ಟು ಪುಣೆಗೆ ಹೊಸದಲ್ಲ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಕೆಳಗಿನ ಖಡಕ್‌ವಾಸ್ಲಾ ಅಣೆಕಟ್ಟನ್ನೂ ಕೆಡವಿ, ಹಳೆಯ ಪೇಟೆಗಳನ್ನು ಮುಳುಗಿಸಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಇಳಿಯುವ ಆಂಬಿಲ್ ಓಢೆ ಉಕ್ಕಿ, ಗೋಡೆ ಕೆಡವಿ, ಕಾರುಗಳನ್ನು ಎತ್ತಿ ಒಗೆದು, ಜೀವಗಳನ್ನೂ ಕೊಂಡೊಯ್ದಿತು. ಈ ನೀರಿನ ದಾರಿ ಊರಿಗೆ ಗೊತ್ತಿಲ್ಲದ್ದೇನೂ ಅಲ್ಲ: ಪೇಶ್ವೆಗಳ ಕಾಲದಲ್ಲಿ ಇದೇ ಕಾತ್ರಜ್‌ನಲ್ಲಿ ಕೆರೆ ಕಟ್ಟಿ, ಕಾಲುವೆಯಲ್ಲಿ ಅವರ ಅರಮನೆ ಶನಿವಾರವಾಡೆಯ ತನಕ ನೀರು ತಂದಿದ್ದರು.

ಮಹಾರಾಷ್ಟ್ರದಲ್ಲಿ ನದಿಗಳಿಗಾದರೂ ನೀಲಿ ಗೆರೆ, ಕೆಂಪು ಗೆರೆ ಉಂಟು: ಒಂದು 25 ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟ, ಇನ್ನೊಂದು 100 ವರ್ಷಕ್ಕೊಮ್ಮೆಯದು. ಪುಣೆ ಪಾಲಿಕೆಯ 44 ಕಿಲೋಮೀಟರ್ ನದಿದಂಡೆ ಯೋಜನೆಯ ವಿರುದ್ಧ ವಾದಿಸುವವರು ಕೈಯಲ್ಲಿ ಹಿಡಿದಿರುವುದೂ ಈ ಗೆರೆಗಳನ್ನೇ. ಓಢೆಗಳಿಗೂ ಅಂಥದೇ ಗೆರೆ ಎಳೆದು, ಕೈಗಾರಿಕಾ ನಕ್ಷೆಯ ಮೊದಲ ಹಾಳೆಯಾಗಿ ಅದನ್ನೇ ಇಟ್ಟರೆ ಒಂದಷ್ಟು ನಿವೇಶನ ಕಡಿಮೆಯಾದೀತು. ಹಿಂಜವಡಿಯಲ್ಲಿ ಈಗ ನೋಟಿಸು, ಜೆಸಿಬಿ, ಅಗಲೀಕರಣಕ್ಕೆ ಸುರಿಯಬೇಕಾದ ದುಡ್ಡು ಅದಕ್ಕಿಂತ ದುಬಾರಿ.