ಅಡಮಾನದ ಜಮೀನು: ಸಾಲ ತೀರಿದ ಮೇಲೆ ಬಿಡಿಸಿಕೊಳ್ಳುವ ಬಗೆ

ಕೊಳವೆಬಾವಿ, ಟ್ರ್ಯಾಕ್ಟರ್, ತೋಟದ ಅಭಿವೃದ್ಧಿ ಮುಂತಾದವುಗಳಿಗೆ ಜಮೀನನ್ನು ಅಡಮಾನ ಮಾಡಿ ಸಾಲ ಪಡೆಯುವುದು ಸಾಮಾನ್ಯ. ಬಡ್ಡಿಯ ಲೆಕ್ಕ ಹೊಂದದೆ, ಇಲ್ಲವೆ ಹಣ ಸಂದಾಯವಾದರೂ ಪತ್ರಗಳು ಕೈಸೇರದೆ, ಇಂತಹ ಅನೇಕ ವ್ಯವಹಾರಗಳು ನ್ಯಾಯಾಲಯದ ಮೆಟ್ಟಿಲೇರುತ್ತವೆ. ಹಣ ಕಟ್ಟಿದ ಮಾತ್ರಕ್ಕೆ ದಾಖಲೆಗಳಲ್ಲಿ ಜಮೀನು ಋಣಮುಕ್ತವಾಗುವುದಿಲ್ಲ ಎಂಬುದನ್ನು ರೈತ ಬಾಂಧವರು ಗಮನಿಸಬೇಕು.

ಬಿಡಿಸಿಕೊಳ್ಳುವ ಹಕ್ಕು

1882ರ ಸ್ವತ್ತು ವರ್ಗಾವಣೆ ಕಾಯಿದೆಯ 60ನೇ ಕಲಂ ಪ್ರಕಾರ, ವಾಯಿದೆ ಬಂದ ಮೇಲೆ ಸಾಲದ ಹಣ ಸಲ್ಲಿಸಿದ ರೈತನಿಗೆ ಅಡಮಾನ ಪತ್ರ ಹಾಗೂ ಜಮೀನಿನ ದಾಖಲೆಗಳನ್ನು ಹಿಂದಕ್ಕೆ ಪಡೆಯುವ ಹಕ್ಕಿದೆ. ಸ್ವಾಧೀನ ಕೊಟ್ಟಿದ್ದರೆ ಅದನ್ನೂ ಮರಳಿ ಪಡೆಯಬಹುದು. ಈ ಹಕ್ಕನ್ನೇ ಇಲ್ಲವಾಗಿಸುವ ಷರತ್ತನ್ನು ಅಡಮಾನ ಪತ್ರದಲ್ಲಿ ಬರೆಸಿಕೊಂಡಿದ್ದರೂ ಅದು ನಿಲ್ಲುವುದಿಲ್ಲ.

ಆದರೆ ಸಾಲಕ್ಕಾಗಿ ಶುದ್ಧ ಕ್ರಯಪತ್ರ ಬರೆದುಕೊಟ್ಟು, ‘ಹಣ ಕೊಟ್ಟಾಗ ಜಮೀನು ವಾಪಸು’ ಎಂದು ಬೇರೆ ಕಾಗದದಲ್ಲಿ ಬರೆಸಿಕೊಳ್ಳುವುದು ಅಪಾಯಕರ. 1929ರ ತಿದ್ದುಪಡಿಯಂತೆ, ಮರಳಿ ಕೊಡುವ ಷರತ್ತು ಅದೇ ಕ್ರಯಪತ್ರದಲ್ಲಿ ಇಲ್ಲದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಪರಿಗಣಿಸುವುದಿಲ್ಲ.

ಬಡ್ಡಿಯ ಲೆಕ್ಕ

ಒಂದು ಲಕ್ಷ ರೂಪಾಯಿ ಸಾಲಕ್ಕೆ ಶೇಕಡ 12ರಂತೆ ಮೂರು ವರ್ಷಕ್ಕೆ ಸರಳ ಬಡ್ಡಿ 36,000 ರೂಪಾಯಿ. ಬಡ್ಡಿಯನ್ನು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸಿದರೆ ಅದು ಸುಮಾರು 40,493 ರೂಪಾಯಿ, ಮೂರು ತಿಂಗಳಿಗೊಮ್ಮೆ ಸೇರಿಸಿದರೆ ಸುಮಾರು 42,576 ರೂಪಾಯಿ ಆಗುತ್ತದೆ. ಬೇಸಾಯದಲ್ಲಿ ಹಣ ಬರುವುದು ಕೊಯ್ಲಿನ ನಂತರವೇ. ಇದನ್ನು ಮನಗಂಡು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2001ರಲ್ಲಿ, ಕೃಷಿ ಸಾಲದ ಬಡ್ಡಿಯನ್ನು ಆಯಾ ಪ್ರದೇಶದ ಬೆಳೆ ಪದ್ಧತಿಗೆ ಅನುಗುಣವಾಗಿ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಮಾತ್ರ ಅಸಲಿಗೆ ಸೇರಿಸಬಹುದೆಂದು ಹೇಳಿತು. ಆದ್ದರಿಂದ ಬ್ಯಾಂಕಿನಿಂದ ಖಾತೆಯ ಪೂರ್ಣ ವಿವರ ಪಡೆದು, ಬಡ್ಡಿ ಸೇರಿಸಿದ ದಿನಾಂಕಗಳನ್ನು ಪರೀಕ್ಷಿಸಬೇಕು.

ಹಣ ಪಡೆಯಲು ಒಪ್ಪದಿದ್ದರೆ

ಸಾಲ ಕೊಟ್ಟವರು ಹಣ ತೆಗೆದುಕೊಳ್ಳಲು ನಿರಾಕರಿಸಿದರೆ ಸುಮ್ಮನೆ ಕಾಯಬಾರದು. ಕಾಯ್ದಷ್ಟೂ ಬಡ್ಡಿಯ ತಕರಾರು ಬೆಳೆಯುತ್ತದೆ. ಅದೇ ಕಾಯಿದೆಯ 83ನೇ ಕಲಂ ಅನ್ವಯ, ವಾಯಿದೆ ಬಂದ ಸಾಲದ ಪೂರ್ತಿ ಬಾಕಿಯನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ನ್ಯಾಯಾಲಯ ಸಾಲ ಕೊಟ್ಟವರಿಗೆ ನೋಟೀಸು ಕಳಿಸುತ್ತದೆ. ಕ್ರಮಬದ್ಧವಾಗಿ ಹಣ ನೀಡಲು ಮುಂದಾದ ಅಥವಾ ಠೇವಣಿ ಇಟ್ಟ ದಿನದಿಂದ ಬಡ್ಡಿ ನಿಲ್ಲುತ್ತದೆ ಎಂದು 84ನೇ ಕಲಂ ಹೇಳುತ್ತದೆ. ಠೇವಣಿಯನ್ನು ಹಿಂದಕ್ಕೆ ಪಡೆದರೆ ಬಡ್ಡಿ ಮತ್ತೆ ಶುರುವಾಗಬಹುದು. ಬಾಕಿಗಿಂತ ಕಡಿಮೆ ಹಣ ಇಟ್ಟರೂ ಪ್ರಯೋಜನವಿಲ್ಲ. ಆದುದರಿಂದ ವಕೀಲರ ಸಲಹೆ ಪಡೆದೇ ಮುಂದುವರಿಯಬೇಕು.

ಕಾಲಮಿತಿ

ಅಡಮಾನ ಬಿಡಿಸಿಕೊಳ್ಳುವ ದಾವೆಗೆ 1963ರ ಕಾಲಮಿತಿ ಕಾಯಿದೆ 30 ವರ್ಷಗಳ ಅವಧಿ ನೀಡಿದೆ. ಫಸಲನ್ನು ಸಾಲ ಕೊಟ್ಟವರೇ ಅನುಭವಿಸುವ ಭೋಗ್ಯದ ಅಡಮಾನದಲ್ಲಿ, ಈ ಅವಧಿಯನ್ನು ಅಡಮಾನ ಮಾಡಿದ ದಿನದಿಂದ ಎಣಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಅಜ್ಜನ ಕಾಲದ ಭೋಗ್ಯಪತ್ರಗಳಿದ್ದವರು ಅವನ್ನು ಜೋಪಾನವಾಗಿಡಬೇಕು.

ಸಾಲ ತೀರಿದ ಮೇಲೆ ಮಾಡಬೇಕಾದ ಕೆಲಸಗಳು

1. ಕೊನೆಯ ಕಂತಿನ ರಸೀದಿ ಮತ್ತು ಬೇಬಾಕಿ ಪತ್ರ ಪಡೆಯಿರಿ.

2. ಒಪ್ಪಿಸಿದ ಮೂಲ ದಾಖಲೆಗಳನ್ನು ಪಟ್ಟಿಯೊಡನೆ ತಾಳೆ ನೋಡಿ ವಾಪಸು ಪಡೆಯಿರಿ.

3. ನೋಂದಾಯಿತ ಅಡಮಾನವಾಗಿದ್ದರೆ ಬಿಡುಗಡೆ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ. ಇದರ ಖರ್ಚು ಸಾಲ ಪಡೆದವರದು.

4. ಪಹಣಿಯ 11ನೇ ಕಾಲಂನಲ್ಲಿರುವ ಋಣದ ನಮೂದನ್ನು ತೆಗೆಸಿ, ಹೊಸ ಪಹಣಿ ಮತ್ತು ಋಣಭಾರ ಪತ್ರ ಪಡೆದು ಖಾತ್ರಿಪಡಿಸಿಕೊಳ್ಳಿ.

ರಿಸರ್ವ್ ಬ್ಯಾಂಕ್ 2023ರಲ್ಲಿ, ದಾಖಲೆಗಳನ್ನು 30 ದಿನಗಳೊಳಗೆ ಮರಳಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ನಿರ್ದೇಶಿಸಿತು. ಆದರೆ ಅದು ಗೃಹಸಾಲದಂತಹ ವೈಯಕ್ತಿಕ ಸಾಲಗಳನ್ನು ಕುರಿತದ್ದು. ಬೆಳೆ ಸಾಲಕ್ಕೂ ಅನ್ವಯಿಸುತ್ತದೆಂದು ನಂಬಿ ಕೂರದೆ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು.

ನಮೂದು ಹಾಗೆಯೇ ಉಳಿದರೆ ಮುಂದಿನ ಸಾಲಕ್ಕೂ, ಅಣ್ಣತಮ್ಮಂದಿರ ವಿಭಾಗಕ್ಕೂ ತೊಡಕಾಗುತ್ತದೆ. ಸಾಲದ ಅರ್ಜಿ ತುಂಬಲು ನೆರವಾಗುವ ವಿಸ್ತರಣಾ ಕಾರ್ಯಕರ್ತರು ಸಾಲ ತೀರಿದ ರೈತರ ಪಹಣಿಯನ್ನೂ ಒಮ್ಮೆ ನೋಡಿದರೆ ಎಷ್ಟೋ ವ್ಯಾಜ್ಯಗಳು ತಪ್ಪುತ್ತವೆ.