ಗುಂಪು ಚಿಕಿತ್ಸೆ ಅರ್ಧ ಚಿಕಿತ್ಸೆಯಲ್ಲ

ಖಿನ್ನತೆಗೋ ಕುಡಿತದ ಚಟಕ್ಕೋ ನೆರವು ಬೇಡಿ ಬಂದವರನ್ನು ‘ಗುಂಪಿನಲ್ಲಿ ಕೂರುತ್ತೀರಾ’ ಎಂದು ಕೇಳಿದರೆ ಮುಖ ಚಿಕ್ಕದಾಗುತ್ತದೆ. ಎಂಟು ಜನಕ್ಕೆ ತೊಂಬತ್ತು ನಿಮಿಷ ಅಂದರೆ ನನ್ನ ಪಾಲಿಗೆ ಹನ್ನೊಂದು ನಿಮಿಷ ಎಂಬ ಲೆಕ್ಕ ಮನಸ್ಸಿನಲ್ಲಿ ಓಡುತ್ತದೆ. ವೈದ್ಯರು ಸಾಲದೆ ಮಾಡಿಕೊಂಡ ಏರ್ಪಾಡು ಇದು, ಉಳ್ಳವರಿಗೆ ಒಂಟಿ ಚಿಕಿತ್ಸೆ, ಇಲ್ಲದವರಿಗೆ ಗುಂಪು ಎಂಬ ಅನುಮಾನವೂ ಸೇರಿಕೊಳ್ಳುತ್ತದೆ. ಆದರೆ ಪುರಾವೆ ಈ ಲೆಕ್ಕವನ್ನು ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞ ಗ್ಯಾರಿ ಬರ್ಲಿಂಗೇಮ್ ಮತ್ತು ಸಂಗಡಿಗರು ಎರಡೂ ಬಗೆಯನ್ನು ನೇರವಾಗಿ ಹೋಲಿಸಿದ 67 ಅಧ್ಯಯನಗಳನ್ನು 2016ರಲ್ಲಿ ಒಟ್ಟಿಗಿಟ್ಟು ನೋಡಿದರು. ಒಂದೇ ಚಿಕಿತ್ಸೆಯನ್ನು ಒಬ್ಬರಿಗೇ ಕೊಟ್ಟರೂ ಗುಂಪಿಗೆ ಕೊಟ್ಟರೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಡುವೆಯೇ ಬಿಟ್ಟುಹೋದವರ ಪ್ರಮಾಣವೂ ಬೇರೆಯಾಗಿರಲಿಲ್ಲ. ಉಗಾಂಡದ ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡೇ ವಾರ ತರಬೇತಿ ಪಡೆದ ಸ್ಥಳೀಯರು ಗುಂಪು ಚಿಕಿತ್ಸೆ ನಡೆಸಿದರು. ಕೊನೆಗೆ ಆ ಗುಂಪುಗಳಲ್ಲಿ ತೀವ್ರ ಖಿನ್ನತೆ ಉಳಿದದ್ದು ಶೇ 6.5 ಮಂದಿಯಲ್ಲಿ, ಚಿಕಿತ್ಸೆ ಸಿಗದವರಲ್ಲಿ ಶೇ 54.7. ಇದು ಒಂಟಿ ಚಿಕಿತ್ಸೆಯೊಂದಿಗಿನ ಹೋಲಿಕೆಯಲ್ಲ, ನಿಜ. ಆದರೂ ‘ಕಾಟಾಚಾರದ ಚಿಕಿತ್ಸೆ’ ಎಂಬ ಮಾತನ್ನು ಅಲ್ಲಗಳೆಯಲು ಇಷ್ಟು ಸಾಕು.

ಹನ್ನೊಂದು ನಿಮಿಷದ ಲೆಕ್ಕ ಎಡವುವುದು ಎಲ್ಲಿ? ಬಾಯಿ ತೆರೆದ ಹೊತ್ತು ಮಾತ್ರ ಚಿಕಿತ್ಸೆ ಎಂದುಕೊಳ್ಳುವುದರಲ್ಲಿ. ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ 1905ರಲ್ಲಿ ಬಡ ಕ್ಷಯರೋಗಿಗಳನ್ನು ಒಟ್ಟಿಗೆ ಕೂರಿಸಿದ್ದು ಆರೈಕೆಯ ನಿಯಮ ಕಲಿಸಲು. ಆದರೆ ಅವರ ಧೈರ್ಯ ಹೆಚ್ಚಿಸಿದ್ದು ಒಬ್ಬರಿಗೊಬ್ಬರು ಸಿಕ್ಕಿದ್ದು. ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಗುಂಪಿನ ಗುಣಕಾರಿ ಅಂಶಗಳನ್ನು ವಿವರಿಸುವಾಗ ‘ನನ್ನೊಬ್ಬನಿಗೇ ಹೀಗಲ್ಲ’ ಎಂಬ ಅರಿವಿಗೆ ದೊಡ್ಡ ಸ್ಥಾನ ಕೊಟ್ಟರು. ನಮ್ಮಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. ‘ನಾಲ್ಕು ಜನ ಏನಂದಾರು’ ಎಂಬ ಅಂಜಿಕೆಯಲ್ಲೇ ಎಷ್ಟೋ ಮನೆಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಆಪ್ತ ಸಮಾಲೋಚಕರು ‘ನಿಮ್ಮದು ತಪ್ಪಲ್ಲ’ ಎಂದರೆ ಅದು ಅವರ ಕೆಲಸ ಎನ್ನಿಸಬಹುದು. ಅದೇ ನೋವು ಉಂಡ ನಾಲ್ಕು ಜನ ಎದುರಿಗೆ ಕೂತು ತಲೆದೂಗಿದಾಗ ಆ ಅಂಜಿಕೆಯ ಬುಡವೇ ಸಡಿಲವಾಗುತ್ತದೆ. ಇದನ್ನು ಎಷ್ಟೇ ನುರಿತವರಾದರೂ ಒಬ್ಬರೇ ಕೊಡಲಾರರು.

ಗುಟ್ಟು ಹೊರಬಿದ್ದರೆ ಎಂಬ ಭಯವನ್ನು ಮಾತ್ರ ನಾನು ತಪ್ಪು ಕಲ್ಪನೆ ಎಂದು ತಳ್ಳಿಹಾಕುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಗೋಪ್ಯತೆಯ ಹೊಣೆ ಚಿಕಿತ್ಸೆ ನೀಡುವವರ ಮೇಲಿದೆ. ಪಕ್ಕದ ಕುರ್ಚಿಯವರನ್ನು ಕಟ್ಟಿಹಾಕುವುದು ಗುಂಪಿನ ಒಪ್ಪಂದ ಮತ್ತು ಪರಸ್ಪರ ನಂಬಿಕೆ. ಚಿಕ್ಕ ಊರಿನಲ್ಲಿ ಆ ಹಿಂಜರಿಕೆ ಸಹಜ. ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರಿಗೆ ಮೊದಲು ಬೇಕಾದದ್ದು ಒಂಟಿಯಾಗಿ ಸಿಗುವ ತುರ್ತು ನೆರವು. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಸಾಮಾಜಿಕ ಆತಂಕಕ್ಕೆ ಒಂಟಿ ಚಿಕಿತ್ಸೆಗೇ ಆದ್ಯತೆ ಕೊಟ್ಟಿದೆ. ಹಾಗಾಗಿ ಗುಂಪು ಎಲ್ಲರಿಗೂ ಹೊಂದುತ್ತದೆ ಎಂದು ನಾನು ವಾದಿಸುತ್ತಿಲ್ಲ. ಕೀಳು ದರ್ಜೆಯದೆಂದು ನೋಡದೆಯೇ ತಿರಸ್ಕರಿಸುವುದು ತಪ್ಪು ಎನ್ನುತ್ತಿದ್ದೇನೆ.

ನಿಮಗೋ ನಿಮ್ಮವರಿಗೋ ಗುಂಪು ಚಿಕಿತ್ಸೆ ಸೂಚಿಸಿದ್ದರೆ, ಬೇಡವೆನ್ನುವ ಮೊದಲು ನಡೆಸುವವರನ್ನು ಒಮ್ಮೆ ಏಕಾಂತದಲ್ಲಿ ಕಂಡು ಮಾತನಾಡಿ. ಎಷ್ಟು ಜನ ಇರುತ್ತಾರೆ, ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮ ಹೇಗೆ ಪಾಲನೆಯಾಗುತ್ತದೆ, ಮೊದಲ ಕೆಲವು ವಾರ ಸುಮ್ಮನೆ ಕೂರಬಹುದೇ ಎಂದು ಕೇಳಿ. ಎಲ್ಲಿ ವಿಚಾರಿಸಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು.